ಮನೆ ಮೊದಲು, ಮೋರಿ ಆಮೇಲೆ: ಬೆಂಗಳೂರು ಬೆಳೆದ ಕ್ರಮದಲ್ಲೇ ಇರುವ ತಪ್ಪು

2007ರ ಜನವರಿಯಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹುಟ್ಟಿದಾಗ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳು ಹಳೆಯ ಪಾಲಿಕೆಯೊಳಗೆ ಸೇರಿಕೊಂಡವು. ಸುಮಾರು 225 ಚದರ ಕಿಲೋಮೀಟರ್ ಇದ್ದ ನಗರ ಒಂದೇ ಏಟಿಗೆ 700 ಚದರ ಕಿಲೋಮೀಟರ್ ದಾಟಿತು. ಆ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತದ ಉದ್ಘಾಟನೆ ನಡೆದದ್ದು 2024ರ ಅಕ್ಟೋಬರ್‌ನಲ್ಲಿ. ನಡುವೆ 17 ವರ್ಷ ಕಳೆದಿದ್ದವು. ಅಷ್ಟೂ ಕಾಲ ಅಲ್ಲಿ ಮನೆ ಕಟ್ಟುವುದು ಒಂದು ದಿನವೂ ನಿಂತಿರಲಿಲ್ಲ. ಬೋರ್‌ವೆಲ್ ಕೊರೆದರು, ಅದು ಬತ್ತಿದರೆ ಇನ್ನೂ ಆಳಕ್ಕೆ ಕೊರೆದರು, ಅದೂ ಬತ್ತಿದ ಮೇಲೆ ಟ್ಯಾಂಕರಿಗೆ ಫೋನ್ ಮಾಡಿದರು.

ಬೆಂಗಳೂರಿನ ಕಷ್ಟಕ್ಕೆ ಜನ ಹೆಚ್ಚಾದದ್ದೇ ಕಾರಣ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಅದು ಅರ್ಧ ಸತ್ಯ. ಜನ ಬರುವುದು ನಗರದ ರೋಗವಲ್ಲ, ಕೆಲಸ ಇರುವಲ್ಲಿಗೆ ಜನ ಬಂದೇ ಬರುತ್ತಾರೆ. ಕೆಟ್ಟಿರುವುದು ಕೆಲಸದ ಕ್ರಮ. ಮೊದಲು ಮೋರಿ, ರಸ್ತೆ, ನೀರು, ಆಮೇಲೆ ಮನೆ ಆಗಬೇಕಿತ್ತು. ಇಲ್ಲಿ ಮೊದಲು ಮನೆ ಏಳುತ್ತದೆ, ಹತ್ತು ಹದಿನೈದು ವರ್ಷದ ಮೇಲೆ ಮೋರಿ ಬರುತ್ತದೆ, ಅಷ್ಟರಲ್ಲಿ ಮೋರಿ ಹಾಯಿಸಲು ಜಾಗವೇ ಉಳಿದಿರುವುದಿಲ್ಲ.

ಜನ ಎಲ್ಲಿಂದ ಬಂದರು

ಯಾವುದೇ ನಗರ ಬೆಳೆಯುವುದು ಮೂರು ದಾರಿಯಲ್ಲಿ. ಇದ್ದವರಿಗೆ ಮಕ್ಕಳಾಗುತ್ತವೆ, ಹೊರಗಿನವರು ಬಂದು ನೆಲೆಸುತ್ತಾರೆ, ಇಲ್ಲವೇ ಹಳ್ಳಿಯೇ ಪಟ್ಟಣದ ಲೆಕ್ಕಕ್ಕೆ ಸೇರುತ್ತದೆ. ಮೊದಲನೆಯದರ ಬಲ ಈಗ ತಗ್ಗಿದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಇಷ್ಟರಿಂದ ನಗರ ಉಬ್ಬುವುದಿಲ್ಲ.

ಮೂರನೆಯದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಜನಗಣತಿಯಲ್ಲಿ ಒಂದು ಊರು ಪಟ್ಟಣ ಎನ್ನಿಸಿಕೊಳ್ಳಲು ಕನಿಷ್ಠ 5,000 ಜನ, ಚದರ ಕಿಲೋಮೀಟರಿಗೆ 400 ಜನರ ಸಾಂದ್ರತೆ, ಮತ್ತು ದುಡಿಯುವ ಗಂಡಸರಲ್ಲಿ 75% ಮಂದಿ ಬೇಸಾಯದ ಹೊರಗೆ ಇರಬೇಕು. ಇಂಥ ಗಣತಿ ಪಟ್ಟಣಗಳು ದೇಶದಲ್ಲಿ 2001ರಲ್ಲಿ 1,362 ಇದ್ದವು, 2011ಕ್ಕೆ 3,894 ಆದವು. ಗಣತಿಯ ಲೆಕ್ಕದಲ್ಲಿ ಇವು ಪಟ್ಟಣ, ಆಡಳಿತದ ಲೆಕ್ಕದಲ್ಲಿ ಇನ್ನೂ ಗ್ರಾಮ ಪಂಚಾಯಿತಿ. ಅಂದರೆ ನಾಲ್ಕಂತಸ್ತಿನ ಕಟ್ಟಡಗಳ ಊರನ್ನು ಒಬ್ಬ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಒಬ್ಬ ಬಿಲ್ ಕಲೆಕ್ಟರ್, ಇಬ್ಬರು ವಾಟರ್‌ಮನ್ ಸೇರಿ ನಿಭಾಯಿಸಬೇಕು. ನಗರದ ಅಂಚು ಹಾಳಾಗುವುದು ಈ ಹಂತದಲ್ಲೇ.

ಇನ್ನು ವಲಸೆ. 1941ರಲ್ಲಿ ಸುಮಾರು 4 ಲಕ್ಷ ಇದ್ದ ಬೆಂಗಳೂರು 1951ಕ್ಕೆ 7.8 ಲಕ್ಷ ತಲುಪಿತು. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1948ರಲ್ಲಿ ದೂರವಾಣಿ ತಯಾರಿಸುವ ಐಟಿಐ ಕಾರ್ಖಾನೆ ಬಂದಿದ್ದವು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಸೇರಿಕೊಂಡವು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಾಲಿಟ್ಟ ಮೇಲೆ ಸಾಫ್ಟ್‌ವೇರ್ ಅಲೆ ಎದ್ದಿತು. 2011ರ ಗಣತಿಗೆ ನಗರದ ಜನಸಂಖ್ಯೆ 85 ಲಕ್ಷ.

ಈ ಎರಡು ಅಲೆಗಳ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ. ಸಾರ್ವಜನಿಕ ಉದ್ದಿಮೆಗಳು ಕಾರ್ಖಾನೆಯ ಜೊತೆಗೇ ಕಾಲೊನಿ ಕಟ್ಟಿದವು. ದೂರವಾಣಿನಗರದ ಐಟಿಐ ಕಾಲೊನಿ, ಜಾಲಹಳ್ಳಿಯ ಬಿಇಎಲ್ ಮತ್ತು ಎಚ್‌ಎಂಟಿ ಕಾಲೊನಿಗಳಲ್ಲಿ ನೀರು, ಶಾಲೆ, ಆಸ್ಪತ್ರೆ, ಮರ ಎಲ್ಲವೂ ಮೊದಲೇ ಲೆಕ್ಕದಲ್ಲಿದ್ದವು. ಅದಕ್ಕೂ ಹಿಂದೆ, 1898ರ ಪ್ಲೇಗಿನ ಆಘಾತದಿಂದ ಪಾಠ ಕಲಿತು ಬೆಳೆಸಿದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ರಸ್ತೆ, ಚರಂಡಿ, ಮನೆಗಳ ಹಿಂದಿನ ಓಣಿ ಗುರುತಾದ ಮೇಲೆಯೇ ಸೈಟು ಹಂಚಿದ್ದು. ಆ ಬಡಾವಣೆಗಳು ಇಂದಿಗೂ ತಾಳಿಕೊಂಡಿರುವುದಕ್ಕೆ ಇದೇ ಕಾರಣ. ಸಾಫ್ಟ್‌ವೇರ್ ಕಾಲದಲ್ಲಿ ಉದ್ಯೋಗ ಕೊಟ್ಟವರು ಕಚೇರಿ ಮಾತ್ರ ಕಟ್ಟಿದರು, ವಾಸದ ಹೊಣೆ ಸೈಟು ಮಾರುವವರ ಪಾಲಾಯಿತು.

ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರುತ್ತದೆ. 2011ರಲ್ಲಿ ಹುಬ್ಬಳ್ಳಿ-ಧಾರವಾಡವಾಗಲಿ ಮೈಸೂರಾಗಲಿ 10 ಲಕ್ಷ ಮುಟ್ಟಿರಲಿಲ್ಲ. ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿ 2002ರಲ್ಲಿ 175 ತಾಲ್ಲೂಕುಗಳ ಪೈಕಿ 114ನ್ನು ಹಿಂದುಳಿದವು ಎಂದು ಗುರುತಿಸಿತ್ತು. ಮಳೆ ಕೈಕೊಟ್ಟ ವರ್ಷ ಯಾದಗಿರಿ, ರಾಯಚೂರಿನಿಂದ ಗಾರೆ ಕೆಲಸಕ್ಕೆ ಹೊರಟ ಕುಟುಂಬ ಎಲ್ಲಿಗೆ ಹೋಗಬೇಕು? ಬೆಂಗಳೂರಿನ ಒತ್ತಡ ಇಳಿಸುವ ಕೆಲಸ ಅರ್ಧದಷ್ಟು ಬೆಂಗಳೂರಿನ ಹೊರಗೇ ಆಗಬೇಕಾದದ್ದು.

ಒಂದು ಎಕರೆಯ ಲೆಕ್ಕ

ಒಂದು ಎಕರೆ ಅಂದರೆ 40 ಗುಂಟೆ, 43,560 ಚದರಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಸಿಎ ನಿವೇಶನ ಬಿಟ್ಟು ನಿಯಮದಂತೆ ಬಡಾವಣೆ ಮಾಡಿದರೆ ಸೈಟಿಗೆ ಉಳಿಯುವುದು ಸುಮಾರು 55%. 30×40 ಅಳತೆಯಲ್ಲಿ 20 ಸೈಟು. ಅದೇ ಎಕರೆಯನ್ನು ರೆವಿನ್ಯೂ ಲೇಔಟ್, ಅಂದರೆ ಯೋಜನಾ ಪ್ರಾಧಿಕಾರದ ಒಪ್ಪಿಗೆ ಇಲ್ಲದ ಬಡಾವಣೆ ಮಾಡಿ, 20 ಅಡಿ ರಸ್ತೆ ಬಿಟ್ಟು, ಪಾರ್ಕು ಸಿಎ ಏನೂ ಇಲ್ಲದೆ 75% ಜಾಗ ಮಾರಿದರೆ 27 ಸೈಟು. ಎಕರೆಗೆ ಏಳು ಸೈಟು ಹೆಚ್ಚು. ಅಕ್ರಮ ಬಡಾವಣೆಯ ಆರ್ಥಿಕತೆ ಇಷ್ಟೇ. ಪಾರ್ಕು, ಅಗಲವಾದ ರಸ್ತೆ, ಕಾಲುವೆಯ ಅಂಚಿಗೆ ಹೋಗಬೇಕಿದ್ದ ಜಾಗ ಆ ಏಳು ಸೈಟಿನೊಳಗೆ ಸೇರಿಹೋಗಿದೆ.

ಕೊಳ್ಳುವವರನ್ನು ದೂಷಿಸಿ ಪ್ರಯೋಜನವಿಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಬಡಾವಣೆಗಳ ಗತಿ ನೋಡಿ: ಶಿವರಾಮ ಕಾರಂತ ಬಡಾವಣೆಗೆ 2008ರಲ್ಲಿ ಅಧಿಸೂಚನೆ ಹೊರಟಿತು, ಮುಂದುವರಿಸಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರಲ್ಲಿ. ಆ ಹತ್ತು ವರ್ಷದಲ್ಲಿ ಅದೇ ಜಮೀನಿನಲ್ಲಿ ಸಾವಿರಾರು ಕಟ್ಟಡ ಎದ್ದಿದ್ದವು. ಸಂಬಳದ ಮನುಷ್ಯ ಹತ್ತು ವರ್ಷ ಅರ್ಜಿ ಹಿಡಿದು ಕಾಯುವುದಿಲ್ಲ. ಜಿಪಿಎ (ಅಧಿಕಾರ ಪತ್ರ) ಮೇಲೆ, ಪಂಚಾಯಿತಿ ಖಾತೆ ಮೇಲೆ ಸಿಕ್ಕಿದ್ದನ್ನು ಕೊಳ್ಳುತ್ತಾನೆ. ಮುಂದೆ ಪಾಲಿಕೆ ಆ ಸೈಟನ್ನು ಬಿ ಖಾತಾದಲ್ಲಿ, ಅಂದರೆ ನಿಯಮಕ್ಕೆ ಹೊಂದದ ಆಸ್ತಿಗಳ ಪಟ್ಟಿಯಲ್ಲಿ ಬರೆದು ತೆರಿಗೆ ಕಟ್ಟಿಸಿಕೊಳ್ಳುತ್ತದೆ. ತೆರಿಗೆ ಕಟ್ಟಿದವರು ರಸ್ತೆ, ನೀರು ಕೇಳುತ್ತಾರೆ, ಅದು ನ್ಯಾಯವೇ. ಆದರೆ ಅದಕ್ಕೆ ಬೇಕಾದ ಜಾಗವನ್ನು ಬಡಾವಣೆ ಮಾಡಿದವರು ಮೊದಲೇ ಮಾರಿಬಿಟ್ಟಿದ್ದಾರೆ.

ಆ 20 ಅಡಿ ರಸ್ತೆ ಮುಂದೆ ಟ್ರಾಫಿಕ್ಕಿಗೂ ಮೂಲವಾಗುತ್ತದೆ. 20 ಅಡಿ ಅಂದರೆ ಆರು ಮೀಟರು. ಬಿಎಂಟಿಸಿ ಬಸ್ಸಿನ ಅಗಲವೇ ಎರಡೂವರೆ ಮೀಟರಿನಷ್ಟು. ಒಂದು ಬದಿ ಕಾರು ನಿಂತಿದ್ದರೆ ಎರಡು ಬಸ್ಸು ಎದುರುಬದುರಾಗುವುದು ಸಾಧ್ಯವೇ ಇಲ್ಲ, ಹಾಗಾಗಿ ಬಸ್ಸು ಬಡಾವಣೆಯ ಒಳಗೆ ಬರುವುದಿಲ್ಲ. ನಿಲ್ದಾಣ ಒಂದೂವರೆ ಕಿಲೋಮೀಟರ್ ದೂರವಾದರೆ ಮನೆಗೊಂದು ಸ್ಕೂಟರು ಬರುತ್ತದೆ, ಸಂಬಳ ಏರಿದರೆ ಕಾರು. ನಗರದಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಮೇಲ್ಸೇತುವೆ, ಸುರಂಗ ರಸ್ತೆ ಎಷ್ಟು ಕಟ್ಟಿದರೂ ಈ ಮೂಲಕ್ಕೆ ಮದ್ದಾಗುವುದಿಲ್ಲ. ಮೆಟ್ರೊ ಬೇಕು, 148 ಕಿಲೋಮೀಟರಿನ ಉಪನಗರ ರೈಲು ಇನ್ನೂ ಬೇಗ ಬೇಕು. ಆದರೆ ಮನೆಯಿಂದ ಐದು ನಿಮಿಷದ ನಡಿಗೆಯಲ್ಲಿ ಬಸ್ಸು ಸಿಗದಿದ್ದರೆ ಸ್ಟೇಷನ್ನಿಗೆ ಹೋಗಲೂ ಸ್ಕೂಟರೇ ಬೇಕಾಗುತ್ತದೆ.

ನೀರು: ಬರುವುದು, ಬೀಳುವುದು, ಹೋಗುವುದು

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ಹತ್ತಿರ ದೊಡ್ಡ ನದಿ ಇಲ್ಲ. 1896ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ, ಎರಡೂ ಅರ್ಕಾವತಿಯ ನೀರು. ಅದು ಸಾಲದೆ 1974ರಿಂದ ಕಾವೇರಿ ಬಂತು. ಸುಮಾರು 100 ಕಿಲೋಮೀಟರ್ ದೂರದಿಂದ, ಹತ್ತಿರ ಹತ್ತಿರ 500 ಮೀಟರ್ ಮೇಲಕ್ಕೆ ಮೂರು ಹಂತದಲ್ಲಿ ಪಂಪ್ ಮಾಡಬೇಕು. ಸಾವಿರ ಲೀಟರನ್ನು 500 ಮೀಟರ್ ಎತ್ತಲು, ಪಂಪಿನ ನಷ್ಟ ಸೇರಿ, ಎರಡು ಯೂನಿಟ್ಟಿನಷ್ಟು ವಿದ್ಯುತ್ ಬೇಕು. ಐದನೇ ಹಂತ ದಿನಕ್ಕೆ 77.5 ಕೋಟಿ ಲೀಟರ್ ಸೇರಿಸಿದೆ, ಒಟ್ಟು ಸಾಮರ್ಥ್ಯ 222.5 ಕೋಟಿ ಲೀಟರ್ ಆಗಿದೆ. 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿಗೆಂದು 4.75 ಟಿಎಂಸಿ ಹೆಚ್ಚುವರಿ ಕೊಟ್ಟಿತು. ಕಾವೇರಿ ಎಂಬ ಖಜಾನೆಗೆ ತಳವಿದೆ, ಪ್ರತಿ ಹತ್ತು ವರ್ಷಕ್ಕೊಂದು ಹಂತ ಸೇರಿಸುತ್ತಾ ಹೋಗಲು ಆಗುವುದಿಲ್ಲ.

2024ರ ಬೇಸಿಗೆಯಲ್ಲಿ ಸರ್ಕಾರವೇ ಕೊಟ್ಟ ಲೆಕ್ಕದಂತೆ ನಗರದ ಸುಮಾರು 13,900 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿದ್ದವು. ಆಗ ಜಿಲ್ಲಾಡಳಿತ 12,000 ಲೀಟರ್ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗೆ 1,000 ರೂಪಾಯಿ ದರ ಕಟ್ಟಿತು. ಸಾವಿರ ಲೀಟರಿಗೆ 83 ರೂಪಾಯಿ ಬಿತ್ತು. ಅದೇ ಹೊತ್ತಿನಲ್ಲಿ ಜಲಮಂಡಳಿ ನಲ್ಲಿಯ ಕೆಳಗಿನ ದರ ಸಾವಿರ ಲೀಟರಿಗೆ 7 ರೂಪಾಯಿ. ನಲ್ಲಿ ಇಲ್ಲದ ಹೊರವಲಯದ ಬಾಡಿಗೆ ಮನೆಯವರು ಸಿರಿವಂತರ ಸದಾಶಿವನಗರದವರಿಗಿಂತ ಹಲವು ಪಟ್ಟು ಹೆಚ್ಚು ಕೊಟ್ಟರು. ಇದು ಅನ್ಯಾಯ ಎಂದು ನೇರವಾಗಿಯೇ ಹೇಳಬೇಕು.

ಈಗ ಮತ್ತೆ ಆ ಒಂದು ಎಕರೆಗೆ ಬನ್ನಿ. 27 ಸೈಟು, ಸೈಟಿಗೆ ನಾಲ್ಕು ಸಂಸಾರ, ಸಂಸಾರಕ್ಕೆ ನಾಲ್ಕು ಜನ, ಒಟ್ಟು 432 ಜನ. ತಲೆಗೆ 135 ಲೀಟರಿನಂತೆ ದಿನಕ್ಕೆ 58,000 ಲೀಟರ್ ಬೇಕು. ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಒಂದು ಎಕರೆಗೆ ಬೀಳುವ ನೀರು 39 ಲಕ್ಷ ಲೀಟರ್. ದಿನಕ್ಕೆ ಹಂಚಿದರೆ 10,700. ಬಳಸಿ ಬಿಡುವ ಕೊಳಚೆ ನೀರು, 80% ಲೆಕ್ಕದಲ್ಲಿ, ದಿನಕ್ಕೆ 46,000 ಲೀಟರ್. ಅಂದರೆ ಆ ಎಕರೆಯ ಮೇಲೆ ಬೀಳುವ ಮಳೆಗಿಂತ ಅದರ ಮೋರಿಯಲ್ಲಿ ಹರಿಯುವ ನೀರು ನಾಲ್ಕು ಪಟ್ಟು ಹೆಚ್ಚು. ಮಳೆಕೊಯ್ಲು ಒಂದರಿಂದಲೇ ದಟ್ಟ ನಗರ ಉಳಿಯುತ್ತದೆ ಎನ್ನುವವರು ಈ ಲೆಕ್ಕ ಮಾಡಿ ನೋಡಬೇಕು. ನಗರದ ಮುಂದಿನ ನದಿ ಇರುವುದು ಮೋರಿಯಲ್ಲಿ.

ಹಾಗೆಂದು ಮಳೆಕೊಯ್ಲು ಬೇಡವೆಂದಲ್ಲ. 60×40 ಸೈಟಿನ ಮೇಲೆ ವರ್ಷಕ್ಕೆ ಎರಡು ಲಕ್ಷ ಲೀಟರ್ ದಾಟಿ ಬೀಳುತ್ತದೆ. 2009ರ ತಿದ್ದುಪಡಿಯಿಂದ ಹಳೆಯ 60×40 ಮನೆಗಳಿಗೂ ಹೊಸದಾಗಿ ಕಟ್ಟುವ 30×40 ಮನೆಗಳಿಗೂ ಇದು ಕಡ್ಡಾಯ. ಕೆಡುವುದು ಮಾಡುವ ರೀತಿಯಲ್ಲಿ. ಮೂರಡಿ ಚೌಕದ ಗುಂಡಿಗೆ ಜಲ್ಲಿ ತುಂಬಿ ಫೋಟೊ ತೆಗೆದು ದಂಡ ತಪ್ಪಿಸಿಕೊಳ್ಳುತ್ತಾರೆ. ಎರಡು ಮಳೆಗಾಲದಲ್ಲಿ ಅದರ ಬಾಯಿ ಹೂಳಿನಿಂದ ಮುಚ್ಚಿಹೋಗುತ್ತದೆ. ಕೆಲಸ ಮಾಡುವುದು ಇಂಗುಬಾವಿ: ಮೂರಡಿ ವ್ಯಾಸ, 20 ಅಡಿ ಆಳ, ಸಿಮೆಂಟ್ ರಿಂಗು, ಒಳಗೆ ಜಲ್ಲಿ ತುಂಬದೆ ಖಾಲಿ. ಒಂದು ಸಲಕ್ಕೆ 4,000 ಲೀಟರ್ ಹಿಡಿದು ಪಕ್ಕದ ಮಣ್ಣಿಗೆ ಬಿಡುತ್ತದೆ, ಹೂಳು ಕೂತರೆ ಇಳಿದು ತೆಗೆಯಬಹುದು. ತಲೆಮಾರುಗಳಿಂದ ಬಾವಿ ತೋಡಿದ ಮಣ್ಣುವಡ್ಡರ ಕೈಗೆ ಈ ಕೆಲಸ ಚೆನ್ನಾಗಿ ಗೊತ್ತು. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡಬೇಕು, ಬಾವಿ ಶೌಚ ಗುಂಡಿಯಿಂದ ದೂರವಿರಬೇಕು, ಸೋಸದ ನೀರನ್ನು ನೇರ ಬೋರ್‌ವೆಲ್ ಕೇಸಿಂಗಿಗೆ ಬಿಡಲೇಬಾರದು. ಬಿಟ್ಟರೆ ಕೆಡುವುದು ನಿಮ್ಮ ಬೋರ್‌ವೆಲ್ ಮಾತ್ರವಲ್ಲ, ಬೀದಿಯವರೆಲ್ಲರದು.

ಬಳಸಿದ ನೀರಿನ ವಿಷಯ ಇನ್ನೂ ಸೂಕ್ಷ್ಮ. 135 ಲೀಟರಿನಲ್ಲಿ 45 ಲೀಟರ್ ಫ್ಲಶ್ಶಿಗೇ ಹೋಗುತ್ತದೆ. ಅಪಾರ್ಟ್‌ಮೆಂಟಿನ ಕೊಳಚೆ ಸಂಸ್ಕರಣಾ ಘಟಕದ (ಎಸ್‌ಟಿಪಿ) ನೀರನ್ನು ಪ್ರತ್ಯೇಕ ಪೈಪಿನಲ್ಲಿ ಫ್ಲಶ್ಶಿಗೆ ಕೊಟ್ಟರೆ ಮೂರನೇ ಒಂದು ಭಾಗ ಉಳಿಯಿತು. ಆದರೂ ಎಷ್ಟೋ ಎಸ್‌ಟಿಪಿಗಳು ನಾರುತ್ತವೆ. ಕೊಳೆ ತಿನ್ನುವ ಸೂಕ್ಷ್ಮಜೀವಿಗಳಿಗೆ ಉಸಿರಾಡಲು ಗಾಳಿ ಬೇಕು. ಕರೆಂಟ್ ಬಿಲ್ ಉಳಿಸಲು ರಾತ್ರಿ ಗಾಳಿ ಊದುವ ಬ್ಲೋವರ್ ನಿಲ್ಲಿಸಿದರೆ ಅವು ಸಾಯುತ್ತವೆ, ಬೆಳಗ್ಗೆ ಹೊರಬರುವುದು ಬಣ್ಣ ತೆಳುವಾದ ಕೊಳಚೆಯಷ್ಟೇ. 200 ಮನೆಗೆ ಕಟ್ಟಿದ ಘಟಕಕ್ಕೆ ಮೊದಲ ವರ್ಷ 40 ಮನೆಯ ಕೊಳಚೆ ಬಂದರೂ ಜೀವಿಗಳು ಬೆಳೆಯುವುದಿಲ್ಲ, ಆದ್ದರಿಂದ ಘಟಕವನ್ನು ಎರಡು ಮೂರು ಪಾಲಾಗಿ ಕಟ್ಟಿ ಮನೆ ತುಂಬಿದ ಹಾಗೆ ಚಾಲೂ ಮಾಡಬೇಕು. ಕುಡಿಯುವ ನೀರಿನ ಮತ್ತು ಎಸ್‌ಟಿಪಿ ನೀರಿನ ಪೈಪುಗಳು ಎಲ್ಲಾದರೂ ತಪ್ಪಿ ಕೂಡಿಕೊಂಡಿವೆಯೇ ಎಂದು ತಿಳಿಯಲು ಒಂದನ್ನು ಪೂರ್ತಿ ಬಂದ್ ಮಾಡಿ ಪ್ರತಿ ಮನೆಯ ನಲ್ಲಿ ತೆರೆದು ನೋಡಬೇಕು. ಗೃಹಪ್ರವೇಶಕ್ಕೆ ಮೊದಲು ಒಂದು ದಿನದಲ್ಲಿ ಮುಗಿಯುವ ಕೆಲಸ.

ನಗರದ ಮಟ್ಟದಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಬತ್ತಿದ ಜಿಲ್ಲೆಗೆ ಅದು ದೊಡ್ಡ ಆಸರೆ. ಎರಡನೇ ಹಂತದ ಸಂಸ್ಕರಣೆಗೆ ನಿಲ್ಲದೆ, ನೀರನ್ನು ಇನ್ನಷ್ಟು ಶುದ್ಧ ಮಾಡುವ ಮೂರನೇ ಹಂತಕ್ಕೂ ಹೋಗಬೇಕೆಂಬ ಅಲ್ಲಿನ ರೈತರ ಬೇಡಿಕೆ ನ್ಯಾಯವಾದದ್ದು.

ರಾಜಕಾಲುವೆ

ಹಿಂದಿನವರು ಕೆರೆಗಳನ್ನು ಸರಪಳಿಯಾಗಿ ಕಟ್ಟಿದ್ದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ ಇಳಿಯುತ್ತಿತ್ತು. ಆ ಕಾಲುವೆಯೇ ರಾಜಕಾಲುವೆ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕೆರೆ ಹೋದದ್ದು ಕಣ್ಣಿಗೆ ಕಾಣುತ್ತದೆ. ಕಾಲುವೆ ಹೋದದ್ದು ಮಳೆ ಬಂದ ದಿನ ಮಾತ್ರ ಕಾಣುತ್ತದೆ.

ಗಂಟೆಗೆ 50 ಮಿಲಿಮೀಟರ್ ಮಳೆ ಸುರಿದರೆ ಒಂದು ಎಕರೆಗೆ ಎರಡು ಲಕ್ಷ ಲೀಟರ್ ನೀರು. ರಾಗಿ ಹೊಲವಾಗಿದ್ದಾಗ ಅದರಲ್ಲಿ ಹೊರಗೆ ಹರಿಯುತ್ತಿದ್ದುದು ಹೆಚ್ಚೆಂದರೆ 60,000. ಕಾಂಕ್ರೀಟು ಮುಚ್ಚಿದ ಮೇಲೆ 1.7 ಲಕ್ಷ. ನೀರು ಮೂರು ಪಟ್ಟಾಗುವ ಹೊತ್ತಿಗೆ ಒತ್ತುವರಿಯಿಂದ ಕಾಲುವೆಯ ಅಗಲ ಎಷ್ಟೋ ಪಾಲು ಇಳಿದಿರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರ, ಬೆಳ್ಳಂದೂರಿನ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದದ್ದಕ್ಕೆ ಈ ಗುಣಾಕಾರ ಭಾಗಾಕಾರ ಸಾಕು.

ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಯ ಸುತ್ತ ಕಟ್ಟಡ ಕಟ್ಟಬಾರದ 75 ಮೀಟರ್ ಮೀಸಲು ಅಂಚು ಹೇಳಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿ ನಗರದ ಮಹಾಯೋಜನೆಯ (ಮಾಸ್ಟರ್ ಪ್ಲಾನ್) 30 ಮೀಟರಿಗೇ ಮರಳಿಸಿತು. ಅಳತೆಯ ಚರ್ಚೆ ನಡೆಯಲಿ. ಅದಕ್ಕಿಂತ ಮುಖ್ಯವಾದದ್ದು ಎಲ್ಲಿಂದ ಅಳೆಯುತ್ತೇವೆ ಎಂಬುದು. ಒತ್ತುವರಿಯಾಗಿ ಸಣ್ಣದಾದ ಕಾಲುವೆಯಿಂದ ಅಳೆದರೆ ಒತ್ತುವರಿಯೇ ಗಡಿಯಾಗುತ್ತದೆ. ಅಳತೆ ಶುರುವಾಗಬೇಕಾದದ್ದು ಹಳೆಯ ಗ್ರಾಮ ನಕ್ಷೆಯಿಂದ.

ಒಳಚರಂಡಿಗೂ ಇದಕ್ಕೂ ನೇರ ನಂಟಿದೆ. ಕೊಳಚೆ ಇಳಿಜಾರಿನ ಬಲದಿಂದಲೇ ಹರಿಯಬೇಕು, ಹಾಗಾಗಿ ಮುಖ್ಯ ಕೊಳವೆ ಕಣಿವೆಯ ತಳದಲ್ಲಿ, ರಾಜಕಾಲುವೆಯ ಪಕ್ಕದಲ್ಲೇ ಹಾಯಬೇಕು. ಅಲ್ಲಿ ಕಟ್ಟಡ ಬಂದರೆ ಕೊಳವೆಗೆ ದಾರಿ ಇಲ್ಲ, ಕೊಳಚೆ ಕಾಲುವೆಗೇ ಬೀಳುತ್ತದೆ, ಕಾಲುವೆ ಕೆರೆಗೆ ಒಯ್ಯುತ್ತದೆ. ಬೆಳ್ಳಂದೂರು ಕೆರೆಯ ನೊರೆ, 2017 ಮತ್ತು 2018ರ ಬೆಂಕಿ ಇದರ ಕೊನೆಯ ಕೊಂಡಿ. ಇನ್ನೊಂದು ಕಡೆ, ಮನೆಯವರು ತಾರಸಿಯ ಮಳೆನೀರಿನ ಪೈಪನ್ನು ಒಳಚರಂಡಿಗೆ ಸೇರಿಸುತ್ತಾರೆ. ಮಳೆ ಬಂದ ಹತ್ತೇ ನಿಮಿಷಕ್ಕೆ ಮ್ಯಾನ್‌ಹೋಲ್ ಉಕ್ಕುವುದು ಅದರಿಂದ.

ಮುಂದಿನ ಸುತ್ತು

2007ರಲ್ಲಿ ಜಾರಿಗೆ ಬಂದ, 2015ರವರೆಗಿನ ಮಹಾಯೋಜನೆಯೇ ಇಂದಿಗೂ ನಗರದ ಆಧಾರ. 2031ರ ಕರಡು 2017ರಲ್ಲಿ ಬಂದು ಹಿಂದಕ್ಕೆ ಹೋಯಿತು. ಚುನಾಯಿತ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳಾದವು. ಪಾಲಿಕೆ ಒಂದಿರಲಿ ಐದಿರಲಿ, ಮಾಡಬೇಕಾದ ಕೆಲಸ ಒಂದೇ: ನೀರು, ಬಸ್ಸು, ಬಡಾವಣೆ ನೋಡಿಕೊಳ್ಳುವ ಬೇರೆ ಬೇರೆ ಸಂಸ್ಥೆಗಳನ್ನು ಒಂದೇ ನಕ್ಷೆಯ ಮುಂದೆ ಕೂರಿಸುವುದು.

ಒಳಗಿನ ನಗರವನ್ನು ಸರಿಪಡಿಸುವುದು ದುಬಾರಿ, ನಿಧಾನ. ಅಗ್ಗವಾಗಿ ಉಳಿಸಬಹುದಾದದ್ದು ನೆಲಮಂಗಲ, ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ಆನೇಕಲ್ಲಿನ ಹಳ್ಳಿಗಳನ್ನು. 2020ರ ಭೂಸುಧಾರಣೆ ತಿದ್ದುಪಡಿಯ ಮೇಲೆ ಬೇಸಾಯದ ಜಮೀನನ್ನು ಯಾರು ಬೇಕಾದರೂ ಕೊಳ್ಳಬಹುದಾದ್ದರಿಂದ ಅಲ್ಲಿ ಸಮಯ ಹೆಚ್ಚಿಲ್ಲ.

ಅಲ್ಲಿ ಜಮೀನನ್ನು ವಶಪಡಿಸಿಕೊಳ್ಳುವ ಬದಲು ಕೂಡಿಸಿ ಹಂಚುವ ದಾರಿ ಇದೆ. ಗುಜರಾತಿನ ನಗರ ಯೋಜನಾ ಸ್ಕೀಮಿನಲ್ಲಿ ಅಕ್ಕಪಕ್ಕದ ರೈತರ ಜಮೀನು ಒಟ್ಟುಮಾಡಿ, ರಸ್ತೆ, ಉದ್ಯಾನ, ಶಾಲೆಗೆಂದು ಪ್ರತಿಯೊಬ್ಬರಿಂದ ಒಂದು ಪಾಲು ಕಳೆದು, ಉಳಿದದ್ದನ್ನು ಅಚ್ಚುಕಟ್ಟಾದ ನಿವೇಶನವಾಗಿ ಅವರಿಗೇ ಮರಳಿಸುತ್ತಾರೆ. ಅಹಮದಾಬಾದಿನ 76 ಕಿಲೋಮೀಟರ್ ವರ್ತುಲ ರಸ್ತೆಗೆ ಜಾಗ ಸಿಕ್ಕಿದ್ದು ಹೀಗೆ. ಇಂಥ ಸ್ಕೀಮಿಗೆ ನಮ್ಮ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲೂ ಅವಕಾಶವಿದೆ. ರೈತ ಜಮೀನು ಕಳೆದುಕೊಳ್ಳುವುದಿಲ್ಲ, ಬೆಲೆ ಏರಿದ ಲಾಭ ದಲ್ಲಾಳಿಗೆ ಹೋಗದೆ ಅವನಲ್ಲೇ ಉಳಿಯುತ್ತದೆ. ಕೋರ್ಟು ಹತ್ತುವ ಕಾರಣ ಅಷ್ಟರಮಟ್ಟಿಗೆ ತಗ್ಗುತ್ತದೆ.

ಆದರೆ ಕ್ರಮ ಹೀಗಿರಬೇಕು. ಸರ್ವೆ ಇಲಾಖೆಯ ಗ್ರಾಮ ನಕ್ಷೆ ಹಿಡಿದು ಮಳೆಗಾಲಕ್ಕೆ ಮೊದಲು ನಡೆದು ನೋಡಿ, ಹಳ್ಳ, ಕಾಲುವೆ, ಕೋಡಿ, ಬಿ-ಖರಾಬು ಗುರುತಿಸಿ ಕಲ್ಲು ನೆಡಬೇಕು. ಬಿ-ಖರಾಬು ಅಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಯ ನೆಲ, ಅದು ಯಾರ ಪಹಣಿಯಲ್ಲಿ ಕಂಡರೂ ಮಾರುವಂತಿಲ್ಲ. ಆಮೇಲೆ ಕಣಿವೆಯ ತಳದಲ್ಲಿ ಒಳಚರಂಡಿ ಮುಖ್ಯ ಕೊಳವೆಗೆ, ಕೆಳಗಿನ ಕೆರೆ ಶುರುವಾಗುವ ಮೊದಲೇ ಸಂಸ್ಕರಣಾ ಘಟಕಕ್ಕೆ ಜಾಗ ಇಡಬೇಕು. ಕಿಲೋಮೀಟರಿಗೊಂದರಂತೆ ಬಸ್ಸು ಓಡಾಡುವ ಅಗಲದ ರಸ್ತೆಗಳನ್ನು ಅಡ್ಡ ಉದ್ದ ಎಳೆಯಬೇಕು, ಆಗ ಯಾವ ಮನೆಯಿಂದಲೂ ನಿಲ್ದಾಣ ಅರ್ಧ ಕಿಲೋಮೀಟರಿನ ಆಸುಪಾಸಿನಲ್ಲಿ ಸಿಗುತ್ತದೆ. ಸೈಟಿನ ಗೆರೆ ಎಳೆಯುವುದು ಇಷ್ಟಾದ ಮೇಲೆ.

ಹೀಗೆ ಗೆರೆ ಎಳೆದಿಡುವುದಕ್ಕೆ ಕೋಟಿಗಟ್ಟಲೆ ಬೇಕಿಲ್ಲ. ಕೊಳವೆ, ಡಾಂಬರು ಹತ್ತು ವರ್ಷದ ಮೇಲೆ ಬಂದರೂ ನಡೆದೀತು, ಅದು ಹಾಯುವ ಜಾಗ ಇವತ್ತು ಖಾಲಿ ಉಳಿಯಬೇಕು. ಪಂಚಾಯಿತಿಯೊಂದು ಹೊಸ ಬಡಾವಣೆಗೆ ಇ-ಖಾತಾ ಬರೆಯುವ ಮುನ್ನ ನಾಲ್ಕು ಕಾಗದ ಕೇಳಲಿ: ಭೂಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರ ಒಪ್ಪಿದ ನಕ್ಷೆ, ಗ್ರಾಮ ನಕ್ಷೆಯ ಮೇಲೆ ಆ ಸೈಟುಗಳನ್ನು ಇಟ್ಟು ಸರ್ವೆಯರ್ ಸಹಿ ಹಾಕಿದ ಚಿತ್ರ, ಮತ್ತು ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ ಎಂಬ ಬರಹ. ಸೈಟು ಕೊಳ್ಳಲು ಹೋದವರೂ ಅಡ್ವಾನ್ಸ್ ಕೊಡುವ ಮೊದಲು ಇದೇ ನಾಲ್ಕನ್ನು ಕೇಳಬಹುದು, ಮೂರನೆಯದು ಸಿಗದಿದ್ದರೆ ಒಂದು ಜೋರು ಮಳೆಯ ಮರುದಿನ ಹೋಗಿ ಆ ಜಾಗ ನೋಡಿ ಬರಬಹುದು.